‘ಕರೆಂಟ್ ಶಾಕ್ ಬ್ಯಾಡ್ರಿ’ ಅನ್ನೋ ಮುಂಚೆ: ಮಾತ್ರೆಗೆ ಬಗ್ಗದ ಖಿನ್ನತೆ, ಧಾರವಾಡದ ದಾರಿ ಮತ್ತು ಮೂರು ವಾರದ ಲೆಕ್ಕ

ಕೊಪ್ಪಳ: ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಸಾಲಿನಲ್ಲಿ ಕೂತವರನ್ನು ಗಮನಿಸಿದರೆ ಗೊತ್ತಾಗುತ್ತದೆ. ಜ್ವರ, ಕೆಮ್ಮಿಗೆ ಬಂದವರು ಆರಾಮಾಗಿ ಮಾತಾಡುತ್ತಿರುತ್ತಾರೆ. ಕೆಲವರು ಮಾತ್ರ ಚೀಟಿ ಮಡಚಿ ಕೈಯಲ್ಲಿ ಹಿಡಿದು, ಊರಿನವರು ಯಾರಾದರೂ ಕಂಡಾರು ಅಂತ ಗೋಡೆ ಕಡೆ ಮುಖ ಮಾಡಿರುತ್ತಾರೆ. ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿದ ‘ಮನೋಚೈತನ್ಯ’ ಕಾರ್ಯಕ್ರಮದ ದಿನ ಅದು. ಬಂದವರಲ್ಲಿ ಹೆಚ್ಚಿನವರಿಗೆ ಮಾತ್ರೆ, ನಾಲ್ಕು ಸಮಾಧಾನದ ಮಾತು, ಮುಂದಿನ ತಾರೀಕು. ಆದರೆ ಕೆಲವರ ಮನೆಯವರಿಗೆ ವೈದ್ಯರು ಇನ್ನೊಂದು ಮಾತು ಹೇಳಬೇಕಾಗುತ್ತದೆ: ಎರಡು ಥರದ ಮಾತ್ರೆ ಕೊಟ್ಟು ನೋಡಿ ಆಯ್ತು, ಇವರಿಗೆ ಇಸಿಟಿ ಬೇಕಾಗಬಹುದು, ದೊಡ್ಡ ಆಸ್ಪತ್ರೆಗೆ ಬರೆದು ಕೊಡುತ್ತೇವೆ.

‘ಅಂದ್ರ ಕರೆಂಟ್ ಶಾಕ್ ಏನ್ರಿ? ಅದೊಂದು ಬ್ಯಾಡ್ರಿ ಸಾಹೇಬ್ರ.’

ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಈ ಮಾತಿಗೇ ನಿಲ್ಲುತ್ತದೆ. ಚೀಟಿ ದೇವರ ಫೋಟೋದ ಹಿಂದೆ ಸೇರುತ್ತದೆ. ಹಾಗಂತ ಜನರ ಭಯವೇ ಎಲ್ಲದಕ್ಕೂ ಕಾರಣ ಅಂದುಬಿಡುವುದೂ ಸರಿಯಲ್ಲ. ಭಯ ಬಿಟ್ಟು ಹೊರಡಲು ತಯಾರಾದ ಮನೆಗೂ ಮುಂದೆ ಎರಡು ಗೋಡೆ ಎದುರಾಗುತ್ತವೆ. ಒಂದು, ಮೂರು ವಾರ ಊರು ಬಿಟ್ಟು ಇರುವುದು. ಇನ್ನೊಂದು, ವಾಪಸ್ ಬಂದ ಮೇಲೆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು. ಈ ಮೂರನ್ನೂ ಸೇರಿಸಿ ನೋಡದಿದ್ದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮನೆಗಳಿಗೆ ಇಸಿಟಿ ಹೆಸರಿಗೆ ಮಾತ್ರ ಇರುವ ಚಿಕಿತ್ಸೆಯಾಗಿ ಉಳಿಯುತ್ತದೆ.

ಮಾತ್ರೆ ಸೋತಿದೆಯಾ, ಇಲ್ಲಾ ನಾವು ಬಿಟ್ಟಿದ್ದೀವಾ?

ಮೊದಲು ಒಂದು ವಿಷಯ ಇತ್ಯರ್ಥ ಆಗಬೇಕು. ‘ಮಾತ್ರೆಗೆ ಬಗ್ಗದ ಖಿನ್ನತೆ’ ಅನ್ನೋದಕ್ಕೆ ವೈದ್ಯಲೋಕದಲ್ಲಿ ಒಂದು ಅಳತೆ ಇದೆ. ಕನಿಷ್ಠ ಎರಡು ಬೇರೆ ಬೇರೆ ಖಿನ್ನತೆ ನಿವಾರಕ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಒಂದೊಂದನ್ನು ಸುಮಾರು ಆರರಿಂದ ಎಂಟು ವಾರ ತಪ್ಪದೆ ತೆಗೆದುಕೊಂಡರೂ ಸುಧಾರಣೆ ಕಾಣದಿದ್ದರೆ ಮಾತ್ರ ಆ ಹೆಸರು.

ನಮ್ಮ ಕಡೆ ನಡೆಯುವುದು ಬೇರೆ. ಖಿನ್ನತೆ ಅಂತ ಹೇಳಿಕೊಂಡು ಯಾರೂ ಬರುವುದಿಲ್ಲ. ‘ಮೈಯಾಗ ಶಕ್ತಿ ಇಲ್ರಿ’, ‘ತಲಿ ಭಾರ ಆಗೈತಿ’, ‘ಯಾವುದ್ರಾಗೂ ಮನಸ್ಸಿಲ್ಲ’ ಅಂತ ಬರುತ್ತಾರೆ. ಊರಿನ ಡಾಕ್ಟರ್ ಹತ್ತಿರ ಒಂದು ಸಲೈನ್ ಹಚ್ಚಿಸಿಕೊಂಡು, ಎರಡು ಶಕ್ತಿ ಇಂಜೆಕ್ಷನ್ ಮಾಡಿಸಿಕೊಂಡು ತಿಂಗಳು ಕಳೆಯುತ್ತದೆ. ಕೊನೆಗೆ ಮನೋವೈದ್ಯರ ಹತ್ತಿರ ಹೋದಾಗ ಸಿಕ್ಕ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ಮೊದಲ ವಾರವೇ ಹೊಟ್ಟೆ ತೊಳಸುತ್ತದೆ, ಬಾಯಿ ಒಣಗುತ್ತದೆ, ಗುಣ ಏನೂ ಕಾಣುವುದಿಲ್ಲ. ಹತ್ತನೇ ದಿನಕ್ಕೆ ಮಾತ್ರೆ ಬಂದ್. ಇನ್ನೊಂದು ಊರು, ಇನ್ನೊಬ್ಬ ಡಾಕ್ಟರ್, ಮತ್ತೆ ಹತ್ತು ದಿನ. ಎರಡು ವರ್ಷ ಹೀಗೇ ಅಲೆದವರ ಫೈಲು ದಪ್ಪ ಇರುತ್ತದೆ, ಆದರೆ ಒಂದು ಔಷಧವನ್ನೂ ಅವರು ಪೂರ್ತಿ ನೋಡಿರುವುದಿಲ್ಲ. ಇವರ ಖಿನ್ನತೆ ಮಾತ್ರೆಗೆ ಬಗ್ಗಿಲ್ಲ ಅನ್ನಲು ಬರುವುದಿಲ್ಲ.

ಇದರ ಜೊತೆಗೆ ನಿದ್ರೆ ಮಾತ್ರೆಯ ಕಥೆ ಇದೆ. ಆಲ್‌ಪ್ರಜೋಲಾಮ್‌ನಂಥ ಗುಳಿಗೆಯನ್ನು ಹಳೆ ಚೀಟಿ ತೋರಿಸಿ, ಇಲ್ಲವೇ ಚೀಟಿಯೇ ಇಲ್ಲದೆ ತಂದು ವರ್ಷಗಟ್ಟಲೆ ನುಂಗುವವರಿದ್ದಾರೆ. ಅದು ಖಿನ್ನತೆಯ ಔಷಧವೇ ಅಲ್ಲ. ನಿದ್ರೆ ಬರಿಸುತ್ತದೆ, ಚಟ ಹಿಡಿಸುತ್ತದೆ. ಮುಂದೆ ಇಸಿಟಿ ಬೇಕಾದಾಗ ಅದಕ್ಕೂ ಅಡ್ಡ ಬರುತ್ತದೆ, ಯಾಕೆಂದರೆ ಈ ಗುಂಪಿನ ಮಾತ್ರೆಗಳು ಫಿಟ್ಸ್ ಬರದಂತೆ ತಡೆಯುತ್ತವೆ ಮತ್ತು ಇಸಿಟಿ ನಡೆಯುವುದೇ ಫಿಟ್ಸ್ ಮೂಲಕ. ಮೆಡಿಕಲ್ ಶಾಪ್ ನಡೆಸುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಊರಿಗೆ ದೊಡ್ಡ ಉಪಕಾರ.

ಥೈರಾಯ್ಡ್ ತೊಂದರೆ, ನಿತ್ಯದ ಕುಡಿತ, ಮನೆಯವರ ಕಣ್ಣಿಗೆ ಬೀಳದ ಬೈಪೋಲಾರ್ ಕಾಯಿಲೆ ಇದ್ದರೂ ಮಾತ್ರೆ ಹಿಡಿಯುವುದಿಲ್ಲ. ಇವೆಲ್ಲ ನೋಡಿಯಾದ ಮೇಲೂ ಒಂದಷ್ಟು ಜನ ಉಳಿಯುತ್ತಾರೆ. ಅಮೆರಿಕದಲ್ಲಿ ನಡೆದ, 2006ರಲ್ಲಿ ಫಲಿತಾಂಶ ಬಂದ ‘ಸ್ಟಾರ್-ಡಿ’ ಅನ್ನೋ ದೊಡ್ಡ ಅಧ್ಯಯನದಲ್ಲಿ ಮೊದಲ ಮಾತ್ರೆಯಿಂದ ಪೂರ್ತಿ ಗುಣವಾದವರು ಸುಮಾರು ಮೂರನೇ ಒಂದು ಭಾಗ ಮಾತ್ರ. ಔಷಧ ಬದಲಿಸುತ್ತಾ ಹೋದಂತೆ ಪ್ರತಿ ಹಂತದಲ್ಲೂ ಗುಣವಾಗುವವರು ಕಡಿಮೆಯಾದರು. ಇಸಿಟಿಯ ಮಾತು ಬರುವುದು ಹೀಗೆ ಉಳಿದವರಿಗಾಗಿ.

ಇನ್ನೂ ಒಂದು ಗುಂಪಿಗೆ ಇಷ್ಟು ಕಾಯುವಂತೆಯೇ ಇಲ್ಲ. ಅನ್ನ, ನೀರು ಬಿಟ್ಟವರು. ಕಲ್ಲಿನ ಥರ ಕೂತು ಮಾತೇ ಆಡದವರು. ‘ನನ್ನಿಂದಾನೇ ಮನಿ ಹಾಳಾತು’ ಅನ್ನೋ ಭ್ರಮೆಯಲ್ಲಿ ಮುಳುಗಿದವರು. ಹೆರಿಗೆ ಆದ ಮೇಲೆ ತೀವ್ರವಾಗಿ ಹದಗೆಟ್ಟ ಬಾಣಂತಿಯರು. ಜೀವ ಕಳೆದುಕೊಳ್ಳುವ ಯೋಚನೆ ಗಟ್ಟಿಯಾಗಿ ಕೂತವರು. ಇಂಥವರಿಗೆ ಇಸಿಟಿಯನ್ನು ಕೊನೆಯ ಅಸ್ತ್ರ ಅಂತ ಎತ್ತಿಡುವುದು ತಪ್ಪು ಲೆಕ್ಕ. ಮಾತ್ರೆ ತಿಂಗಳು ತೆಗೆದುಕೊಳ್ಳುವ ಕಡೆ ಇದು ಹಲವರಲ್ಲಿ ಒಂದೆರಡು ವಾರದಲ್ಲೇ ಪರಿಣಾಮ ತೋರಿಸುತ್ತದೆ, ಹಾಗಾಗಿ ವೈದ್ಯರು ಬೇಗನೇ ಇದರ ಮಾತು ಎತ್ತುತ್ತಾರೆ.

ಹಿರಿಯರ ಭಯ ಸುಳ್ಳಲ್ಲ, ಹಳೆಯದು

‘ಕೈಕಾಲು ಕಟ್ಟಿ ಶಾಕ್ ಕೊಡ್ತಾರ’ ಅಂತ ಹೇಳುವ ಹಿರಿಯರು ಕಟ್ಟುಕಥೆ ಹೇಳುತ್ತಿಲ್ಲ. ಇಟಲಿಯ ರೋಮ್‌ನಲ್ಲಿ 1938ರಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲುಚಿಯೊ ಬಿನಿ ಎಂಬ ವೈದ್ಯರು ಮೊದಲ ಬಾರಿ ಮನುಷ್ಯರಿಗೆ ಈ ಚಿಕಿತ್ಸೆ ಕೊಟ್ಟಾಗ ಅರಿವಳಿಕೆ ಇರಲಿಲ್ಲ. ರೋಗಿಯ ಮೈಪೂರ್ತಿ ಸೆಟೆದು ಒದ್ದಾಡುತ್ತಿತ್ತು, ಕೆಲವರಿಗೆ ಬೆನ್ನುಮೂಳೆ ಮುರಿದದ್ದೂ ಉಂಟು. ಸ್ನಾಯು ಸಡಿಲಿಸುವ ಔಷಧ 1950ರ ದಶಕದಲ್ಲಿ ಬಳಕೆಗೆ ಬಂದರೂ ಭಾರತದ ಎಷ್ಟೋ ಕಡೆ ಅರಿವಳಿಕೆ ತಜ್ಞರಿಲ್ಲ ಅಂತ ‘ನೇರ’ ಇಸಿಟಿ ದಶಕಗಳ ಕಾಲ ಮುಂದುವರಿಯಿತು. ಅದನ್ನು ಕಣ್ಣಾರೆ ನೋಡಿದವರು, ಅನುಭವಿಸಿದವರು ಇನ್ನೂ ಊರುಗಳಲ್ಲಿದ್ದಾರೆ. ಸಿನಿಮಾದವರು ಅದಕ್ಕೆ ಇನ್ನಷ್ಟು ಬಣ್ಣ ಹಚ್ಚಿದರು.

ಕಾನೂನು ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದರ 95ನೇ ಸೆಕ್ಷನ್ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವಂತಿಲ್ಲ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದ್ದೂ ಇದೇ ಸೆಕ್ಷನ್. ಹದಿನೆಂಟರ ಒಳಗಿನವರಿಗೆ ಕೊಡಲೇಬೇಕೆಂದರೆ ಪಾಲಕರ ಒಪ್ಪಿಗೆ ಸಾಲದು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿಯೂ ಬೇಕು. ತುರ್ತು ಚಿಕಿತ್ಸೆಯ ಹೆಸರಿನಲ್ಲಿ, ಒಪ್ಪಿಗೆ ಪಡೆಯದೆ ಇಸಿಟಿ ಕೊಡುವುದಕ್ಕೆ 94ನೇ ಸೆಕ್ಷನ್ ಅವಕಾಶ ಕೊಡುವುದಿಲ್ಲ.

ಹೀಗಾಗಿ ಖಾಸಗಿ ಕ್ಲಿನಿಕ್ ಯಾವುದಾದರೂ ‘ಇಲ್ಲೇ ಅರ್ಧ ತಾಸಿನಾಗ ಶಾಕ್ ಕೊಟ್ಟು ಕಳಿಸ್ತೀವಿ’ ಅಂದರೆ ಮನೆಯವರು ಅಲ್ಲೇ ಎದ್ದು ನಿಂತು ಕೇಳಬೇಕು: ಅರಿವಳಿಕೆ ಡಾಕ್ಟರ್ ಯಾರು? ಆಕ್ಸಿಜನ್, ಹೃದಯ ಬಡಿತ ನೋಡುವ ಮಾನಿಟರ್ ಎಲ್ಲಿದೆ? ಒಪ್ಪಿಗೆ ಪತ್ರ ಎಲ್ಲಿದೆ? ಉತ್ತರ ತಡವರಿಸಿದರೆ ಎದ್ದು ಬರುವುದು ಲೇಸು.

ಆ ಕೋಣೆಯಲ್ಲಿ ನಡೆಯುವುದು

ಹಿಂದಿನ ರಾತ್ರಿಯಿಂದ ಉಪವಾಸ. ಮುಂಚೆಯೇ ರಕ್ತ ಪರೀಕ್ಷೆ, ಇಸಿಜಿ ಆಗಿರುತ್ತದೆ. ಇತ್ತೀಚೆಗೆ ಹೃದಯಾಘಾತ ಆದವರಿಗೆ, ಮೆದುಳಿನೊಳಗೆ ಒತ್ತಡ ಹೆಚ್ಚಿದವರಿಗೆ ಅಪಾಯ ಜಾಸ್ತಿ, ಹಾಗಾಗಿ ಈ ತಪಾಸಣೆ ಬಿಡುವಂತಿಲ್ಲ. ಬೆಳಗ್ಗೆ ಕೈಗೆ ಸೂಜಿ ಹಾಕಿ ಅರಿವಳಿಕೆ ಕೊಡುತ್ತಾರೆ, ಒಂದು ನಿಮಿಷದೊಳಗೆ ನಿದ್ದೆ. ಆಮೇಲೆ ಸ್ನಾಯು ಸಡಿಲಿಸುವ ಔಷಧ, ಹಲ್ಲು ನಾಲಿಗೆ ಕಾಪಾಡಲು ಬಾಯಿಗೆ ರಬ್ಬರ್ ತುಂಡು, ಮೂಗಿಗೆ ಆಕ್ಸಿಜನ್. ತಲೆಯ ಮೇಲೆ ಎರಡು ಕಡೆ ಪ್ಯಾಡ್ ಇಟ್ಟು ಕೆಲವೇ ಸೆಕೆಂಡು ಅಳತೆಯ ಕರೆಂಟ್ ಹಾಯಿಸುತ್ತಾರೆ. ಮನೆಯ ಸ್ವಿಚ್‌ಬೋರ್ಡಿನ ಕರೆಂಟಿಗೂ ಇದಕ್ಕೂ ಹೋಲಿಕೆಯಿಲ್ಲ, ಯಂತ್ರ ಅದನ್ನು ಸಣ್ಣ ಸಣ್ಣ ಮಿಡಿತವಾಗಿ ಅಳೆದು ಬಿಡುತ್ತದೆ. ಇದರಿಂದ ಮೆದುಳಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಫಿಟ್ಸ್ ಬರುತ್ತದೆ. ಹೊರಗೆ ಕಾಣುವುದು ಕಾಲ್ಬೆರಳು ಸ್ವಲ್ಪ ಅದುರುವುದು, ರೆಪ್ಪೆ ಮಿಟುಕುವುದು, ಅಷ್ಟೇ. ರೋಗಿಗೆ ಏನೂ ಗೊತ್ತಾಗುವುದಿಲ್ಲ. ಹತ್ತಿಪ್ಪತ್ತು ನಿಮಿಷದಲ್ಲಿ ಎಚ್ಚರವಾಗುತ್ತದೆ. ತಲೆನೋವು, ಮೈಕೈ ನೋವು, ಒಂದೆರಡು ತಾಸು ಗೊಂದಲ ಇರಬಹುದು. ತಾಸೆರಡು ತಾಸಿಗೆ ಚಹಾ ಕುಡಿದು ಕೂರುತ್ತಾರೆ.

ಇಂಥದ್ದು ವಾರಕ್ಕೆ ಎರಡು ಅಥವಾ ಮೂರು ಸಲ, ಒಟ್ಟು ಆರರಿಂದ ಹನ್ನೆರಡು. ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ವಿಜ್ಞಾನಿಗಳ ಬಳಿ ಒಂದೇ ಉತ್ತರ ಇನ್ನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಇದರ ಮೇಲೆ ಸಂಶೋಧನೆ ನಡೆದಿದೆ. ಸಂಸ್ಥೆಯ ನಿರ್ದೇಶಕರಾಗಿದ್ದ, 2020ರಲ್ಲಿ ಪದ್ಮಶ್ರೀ ಪಡೆದ ಡಾ. ಬಿ.ಎನ್. ಗಂಗಾಧರ್ 1980ರ ದಶಕದಲ್ಲೇ ಇಸಿಟಿಯನ್ನು ಖಿನ್ನತೆಯ ಮಾತ್ರೆಯ ಜೊತೆ ಹೋಲಿಸಿ ಅಧ್ಯಯನ ಮಾಡಿದವರು.

ಎಷ್ಟು ಗುಣ, ಎಷ್ಟು ನಷ್ಟ

ಇಸಿಟಿಯನ್ನು ಹೊಗಳುವವರೂ ತೆಗಳುವವರೂ ಅರ್ಧ ಲೆಕ್ಕ ಮಾತ್ರ ಹೇಳುತ್ತಾರೆ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತೀವ್ರ ಖಿನ್ನತೆಯಲ್ಲಿ ನೂರಕ್ಕೆ 60ರಿಂದ 80 ಜನರಲ್ಲಿ ಒಳ್ಳೆಯ ಸುಧಾರಣೆ ಕಂಡಿದೆ. ಹಲವು ಮಾತ್ರೆ ಸೋತ ಮೇಲೆ ಬಂದವರಲ್ಲಿ ಇದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಲ್ಲಾ ದಾರಿ ಮುಚ್ಚಿತು ಅಂದುಕೊಂಡವರಲ್ಲಿ ಅರ್ಧ ಜನ ಎದ್ದು ಕೂರುವುದು ಸಣ್ಣ ಮಾತಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಸ್ಪತ್ರೆ ದಾಖಲೆಗಳನ್ನು ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಸಿಟಿ ಪಡೆದ ಖಿನ್ನತೆಯ ರೋಗಿಗಳಲ್ಲಿ ಮುಂದಿನ ಒಂದು ವರ್ಷದ ಆತ್ಮಹತ್ಯೆಯ ಅಪಾಯ ಪಡೆಯದವರಿಗಿಂತ ಸುಮಾರು ಅರ್ಧದಷ್ಟಿತ್ತು. ಕರ್ನಾಟಕದಲ್ಲಿ 2022ರ ಒಂದೇ ವರ್ಷ 13 ಸಾವಿರಕ್ಕೂ ಹೆಚ್ಚು ಆತ್ಮಹತ್ಯೆ ದಾಖಲಾಗಿವೆ ಅನ್ನೋದನ್ನು ಪಕ್ಕಕ್ಕಿಟ್ಟು ಈ ಅಂಕಿ ಓದಬೇಕು.

ಪ್ರಾಣಕ್ಕೆ ಅಪಾಯ? 2017ರಲ್ಲಿ ಬಂದ ಒಂದು ವಿಶ್ಲೇಷಣೆ ಹಲವು ದೇಶಗಳ ಏಳೂವರೆ ಲಕ್ಷಕ್ಕೂ ಹೆಚ್ಚು ಇಸಿಟಿಗಳನ್ನು ಲೆಕ್ಕ ಹಾಕಿತು. ಸಾವು ಸಂಭವಿಸಿದ್ದು ಒಂದು ಲಕ್ಷಕ್ಕೆ ಸುಮಾರು ಎರಡು.

ನಿಜವಾದ ನಷ್ಟ ನೆನಪಿನದು. ಚಿಕಿತ್ಸೆ ನಡೆಯುವ ವಾರಗಳಲ್ಲಿ ಹೊಸ ಸಂಗತಿ ತಲೆಯಲ್ಲಿ ನಿಲ್ಲುವುದಿಲ್ಲ. ಅದು ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಸರಿಹೋಗುತ್ತದೆ. ಆದರೆ ಚಿಕಿತ್ಸೆಗೆ ಹಿಂದು ಮುಂದಿನ ತಿಂಗಳುಗಳ ಕೆಲವು ನೆನಪು, ಯಾರದೋ ಮದುವೆಗೆ ಹೋಗಿದ್ದು, ಯಾರಿಗೋ ಮಾತು ಕೊಟ್ಟಿದ್ದು, ಕೆಲವರಿಗೆ ವಾಪಸ್ ಬರುವುದೇ ಇಲ್ಲ. ‘ಏನೂ ಆಗಲ್ಲ’ ಅಂತ ಹೇಳಿ ಕಳಿಸುವುದು ರೋಗಿಗೆ ಮಾಡುವ ಅನ್ಯಾಯ. ಹಳೆಯ ಪ್ರಯೋಗಗಳ ಗುಣಮಟ್ಟವನ್ನೇ ಪ್ರಶ್ನಿಸಿ, ನೆನಪಿನ ಹಾನಿಯನ್ನು ವೈದ್ಯರು ಕಡಿಮೆ ಮಾಡಿ ಹೇಳುತ್ತಾರೆ ಅಂತ ವಾದಿಸುವ ಸಂಶೋಧಕರೂ ಇದ್ದಾರೆ.

ವ್ಯಾಪಾರಸ್ಥರ ಮನೆಗೆ ಇದರಿಂದ ಒಂದು ಕಿವಿಮಾತು: ಚಿಕಿತ್ಸೆಗೆ ಹೊರಡುವ ಮುಂಚೆ ಉದ್ರಿ ಖಾತೆ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಫೋನ್ ಮತ್ತು ಬ್ಯಾಂಕಿನ ಪಾಸ್‌ವರ್ಡ್, ಎಲ್ಲಾ ಬರೆದು ನಂಬಿಕೆಯವರ ಕೈಯಲ್ಲಿಡಬೇಕು. ಚಿಕಿತ್ಸೆ ನಡೆಯುವಾಗ ಮತ್ತು ಮುಗಿದ ಕೆಲವು ವಾರ ಹೊಲ ಮನೆಯ ಕಾಗದಕ್ಕೆ ಸಹಿ, ದೊಡ್ಡ ವ್ಯವಹಾರ, ಗಾಡಿ ಓಡಿಸುವುದು ಬೇಡ.

ಬೇರೆ ದಾರಿಗಳೂ ಇವೆ. 2023ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ ಭ್ರಮೆಯಿಲ್ಲದ, ಮಾತ್ರೆಗೆ ಬಗ್ಗದ ಖಿನ್ನತೆಗೆ ಕೆಟಮಿನ್ ಇಂಜೆಕ್ಷನ್ ಪಡೆದವರಲ್ಲಿ ಶೇ 55, ಇಸಿಟಿ ಪಡೆದವರಲ್ಲಿ ಶೇ 41 ಜನ ಸುಧಾರಿಸಿದರು. ಸ್ವೀಡನ್ನಿನ ಪ್ರಯೋಗದಲ್ಲಿ ಇದಕ್ಕೆ ಉಲ್ಟಾ, ಇಸಿಟಿಯೇ ಮೇಲು. ತಲೆಗೆ ಅಯಸ್ಕಾಂತದ ಮಿಡಿತ ಕೊಡುವ ಟಿಎಂಎಸ್ ಇನ್ನೊಂದು. ಅರಿವಳಿಕೆ ಬೇಡ, ಆದರೆ ವಾರಗಟ್ಟಲೆ ಹೆಚ್ಚುಕಡಿಮೆ ದಿನಾಲೂ ಹೋಗಬೇಕು. ಇವೆಲ್ಲ ಸದ್ಯಕ್ಕೆ ದೊಡ್ಡ ಊರಿನ ಮಾತು. ಅನ್ನ ನೀರು ಬಿಟ್ಟ ರೋಗಿಗೆ, ಭ್ರಮೆ ಇರುವ ಖಿನ್ನತೆಗೆ ಇವತ್ತಿಗೂ ಇಸಿಟಿಗೇ ಮೇಲುಗೈ.

ನದಿಯ ಆಚೆ ದಂಡೆಯಲ್ಲಿ ಹುಟ್ಟಿದ ಮಾದರಿ

ಒಂದು ವಿಪರ್ಯಾಸ ಹೇಳಲೇಬೇಕು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ತುಂಗಭದ್ರೆಯ ಆಚೆ ದಂಡೆಯಲ್ಲಿ, ಬಳ್ಳಾರಿ ಜಿಲ್ಲೆಯಲ್ಲಿ. 1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ನಾಲ್ಕಾರು ಥರದ ಔಷಧವನ್ನು ಹಳ್ಳಿ ಮಟ್ಟದಲ್ಲೇ ಸಿಗುವಂತೆ ಮಾಡಿ ತೋರಿಸಿದರು. ಇದೇ ‘ಬಳ್ಳಾರಿ ಮಾದರಿ’ ಇಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ದೇಶದ ಕಾರ್ಯಕ್ರಮ ಶುರು ಮಾಡಿತು. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯೊಳಗಿತ್ತು, ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ.

ಆ ಮಾದರಿಯ ಬಲವೂ ಮಿತಿಯೂ ಒಂದೇ ಕಡೆ ಇದೆ. ಮಾತ್ರೆಯನ್ನು ಅದು ಹಳ್ಳಿಗೆ ತಂದಿತು. ಮಾತ್ರೆ ಸೋತವರಿಗೆ ಮಾತ್ರ ‘ದೊಡ್ಡ ಆಸ್ಪತ್ರೆಗೆ ಹೋಗಿ’ ಅಂತ ಬರೆದು ಕೊಡುವುದಷ್ಟೇ ಉಳಿಯಿತು. ತಾಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ಸಿಕ್ಕರೂ ಅವರ ಸಮಯ ಸಿಸೇರಿಯನ್‌ಗೆ, ಅಪಘಾತದ ಕೇಸಿಗೆ ಹೋಗುತ್ತದೆ. ವಾರಕ್ಕೆ ಮೂರು ಬೆಳಗ್ಗೆ ಇಸಿಟಿಗೆ ಅಂತ ತೆಗೆದಿಡುವುದು ದೊಡ್ಡ ವಿಭಾಗ ಇರುವ ಕಡೆ ಮಾತ್ರ ಆಗುವ ಕೆಲಸ. ಕಾನೂನು ಅರಿವಳಿಕೆ ಕಡ್ಡಾಯ ಮಾಡಿ ರೋಗಿಯನ್ನು ಕಾಪಾಡಿತು, ಅದು ಆಗಲೇಬೇಕಿತ್ತು. ಆದರೆ ಅರಿವಳಿಕೆ ತಜ್ಞರನ್ನು ಜಿಲ್ಲೆಗೆ ಕಳಿಸುವ ಕೆಲಸ ಕಾನೂನಿನಿಂದ ತಾನಾಗಿ ಆಗುವುದಿಲ್ಲ. ಕೊಪ್ಪಳಕ್ಕೆ 2015ರಲ್ಲಿ ವೈದ್ಯಕೀಯ ಕಾಲೇಜು ಬಂದಿದೆ. ಜಿಲ್ಲೆಯ ಶಾಸಕರು, ಸಂಸದರು ಆರೋಗ್ಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಬಹಳ ಸರಳ: ಮನೋವೈದ್ಯ ವಿಭಾಗಕ್ಕೆ ವಾರದಲ್ಲಿ ಎಷ್ಟು ದಿನ ಅರಿವಳಿಕೆ ತಜ್ಞರು, ಎಷ್ಟು ಹಾಸಿಗೆ?

ಮೂರು ವಾರದ ಲೆಕ್ಕ

ಈ ಭಾಗದವರು ಇಂಥ ಚಿಕಿತ್ಸೆಗೆ ನೋಡುವುದು ಧಾರವಾಡದ ಕಡೆ. ಬ್ರಿಟಿಷರ ಕಾಲದಿಂದ ಇರುವ ಅಲ್ಲಿನ ಮಾನಸಿಕ ಆಸ್ಪತ್ರೆಯೇ ಇವತ್ತಿನ ಡಿಮ್ಹಾನ್ಸ್. ಕೊಪ್ಪಳದಿಂದ ಹುಬ್ಬಳ್ಳಿಗೆ ಸುಮಾರು 115 ಕಿ.ಮೀ., ಅಲ್ಲಿಂದ ಧಾರವಾಡಕ್ಕೆ ಇನ್ನೂ 20. ಗಂಗಾವತಿ, ಕಾರಟಗಿ ಕಡೆಯವರಿಗೆ ಬಳ್ಳಾರಿ ಹತ್ತಿರ. 2025ರಲ್ಲಿ ಕುಷ್ಟಗಿಗೆ ಹುಬ್ಬಳ್ಳಿ ರೈಲು ಶುರುವಾದ ಮೇಲೆ ಆ ಭಾಗದ ದಾರಿ ಸ್ವಲ್ಪ ಹಗುರಾಗಿದೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ಇಲ್ಲ. ಹಾಗಾಗಿ ಖರ್ಚಿನ ದೊಡ್ಡ ಭಾಗ ಪ್ರಯಾಣದಲ್ಲಿಲ್ಲ, ದಿನಗಳಲ್ಲಿದೆ.

ಒಂದು ಮನೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಯಲಬುರ್ಗಾ ತಾಲೂಕಿನ ಒಣಬೇಸಾಯದ ಕುಟುಂಬ, ಗಂಡನಿಗೆ ಚಿಕಿತ್ಸೆ. ಎಂಟು ಇಸಿಟಿ, ವಾರಕ್ಕೆ ಮೂರು ಅಂದರೂ ಹತ್ತಿರ ಮೂರು ವಾರ. ಮೊದಲ ತಪಾಸಣೆಯ ದಿನಗಳು ಬೇರೆ. ಜೊತೆಗೆ ಒಬ್ಬರು ಇರಲೇಬೇಕು, ಅದು ಹೆಂಡತಿ. ಎರಡು ಕೂಲಿ ನಿಂತಿತು. ದನ ಕರು ಯಾರು ನೋಡಬೇಕು, ಮಕ್ಕಳು ಯಾರ ಮನೆಯಲ್ಲಿ ಉಣ್ಣಬೇಕು? ಸುಗ್ಗಿ ಇದ್ದರೆ ಹೋಗುವ ಹಾಗೇ ಇಲ್ಲ. ಗಂಗಾವತಿಯ ಸಣ್ಣ ಕಿರಾಣಿ ಅಂಗಡಿಯವರದ್ದಾದರೆ ಬೇರೆ ತಾಪತ್ರಯ: ಮೂರು ವಾರ ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ‘ಎಲ್ಲಿಗೆ ಹೋಗಿದ್ರಿ’ ಅನ್ನೋ ಪ್ರಶ್ನೆಗೆ ಸುಳ್ಳು ಹುಡುಕಬೇಕು.

ಚಿಕಿತ್ಸೆಯ ದುಡ್ಡಿನ ಮಟ್ಟಿಗೆ ಕಾನೂನು ರೋಗಿಯ ಕಡೆ ಇದೆ. 2017ರ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಬಡತನ ರೇಖೆಗಿಂತ ಕೆಳಗಿನವರಿಗೆ, ಬಿಪಿಎಲ್ ಕಾರ್ಡ್ ಕೈಯಲ್ಲಿ ಇರಲಿ ಬಿಡಲಿ, ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ. ಆಯುಷ್ಮಾನ್ ಭಾರತ್‌ನ ಕೇಂದ್ರ ಪ್ಯಾಕೇಜ್ ಪಟ್ಟಿಯಲ್ಲಿ ಇಸಿಟಿಯ ಹೆಸರೂ ಇದೆ. ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ರೆಫರಲ್ ಚೀಟಿ, ಆಧಾರ್, ರೇಷನ್ ಕಾರ್ಡ್ ತೋರಿಸಿ ಮೊದಲೇ ಕೇಳಿಕೊಳ್ಳಬೇಕು. ಖಾಸಗಿ ವಿಮೆ ಮಾಡಿಸಿದ ವ್ಯಾಪಾರಸ್ಥರೂ ಸುಮ್ಮನೆ ಕೂರಬೇಕಿಲ್ಲ. ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ನಿಂತ ಕೂಲಿಗೆ, ಮುಚ್ಚಿದ ಅಂಗಡಿಗೆ ಯಾವ ಸೆಕ್ಷನ್ನೂ ಇಲ್ಲ. ಟಿ.ಬಿ. ರೋಗಿಗೆ ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ತಿಂಗಳಿಗಿಷ್ಟು ಹಣ ಹಾಕುತ್ತದೆ. ಮೂರು ವಾರ ಗಂಡನ ಮಂಚದ ಪಕ್ಕ ಕೂರುವ ಹೆಂಡತಿಗೆ ಅಂಥದ್ದೊಂದು ಯಾಕಿಲ್ಲ ಅನ್ನೋ ಚರ್ಚೆ ಜಿಲ್ಲೆಯಲ್ಲಿ ಇನ್ನೂ ಶುರುವಾಗಬೇಕಿದೆ.

ವಾಪಸ್ ಬಂದ ಮೇಲೆ

ಇಡೀ ವಿಷಯದಲ್ಲಿ ಅತಿ ಕಡಿಮೆ ಮಾತಾಗುವುದು ಇದರ ಬಗ್ಗೆ. ಇಸಿಟಿ ಖಿನ್ನತೆಯಿಂದ ಎಬ್ಬಿಸುತ್ತದೆ, ಮತ್ತೆ ಬೀಳದಂತೆ ತಡೆಯುವ ಶಕ್ತಿ ಅದಕ್ಕಿಲ್ಲ. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಇದನ್ನು ಬಿಚ್ಚಿಟ್ಟಿತು. ಇಸಿಟಿಯಿಂದ ಗುಣವಾದವರನ್ನು ಆರು ತಿಂಗಳು ಹಿಂಬಾಲಿಸಿದಾಗ, ಔಷಧವಿಲ್ಲದ ಬರೀ ಗುಳಿಗೆ ಪಡೆದವರಲ್ಲಿ ಶೇ 84 ಜನ ಮತ್ತೆ ಕಾಯಿಲೆ ಬಿದ್ದರು. ಒಂದು ಖಿನ್ನತೆ ಔಷಧ ಪಡೆದವರಲ್ಲಿ ಶೇ 60. ಅದರ ಜೊತೆ ಲಿಥಿಯಂ ಸೇರಿಸಿದವರಲ್ಲಿ ಶೇ 39.

ಅಂದರೆ ಧಾರವಾಡದಲ್ಲಿ ಮೂರು ವಾರ ಕಳೆದು, ನಗುತ್ತಾ ಊರಿಗೆ ಬಂದು, ‘ಆರಾಮ್ ಆಗೇನಿ, ಇನ್ಯಾಕ ಗುಳಿಗಿ’ ಅಂತ ನಿಲ್ಲಿಸಿದರೆ ದಸರಾಕ್ಕೆ ಗುಣವಾದವರು ಯುಗಾದಿಯೊಳಗೆ ಮತ್ತೆ ಅದೇ ಮೂಲೆಗೆ ಬರುವ ಸಾಧ್ಯತೆ ದೊಡ್ಡದು. ಆಗ ಊರು ಹೇಳುವುದು ಏನು? ‘ಶಾಕ್ ಕೊಡಿಸಿದ್ರೂ ಆಗ್ಲಿಲ್ಲ ನೋಡು.’ ಒಂದು ಓಣಿಯಲ್ಲಿ ಇಂಥದ್ದೊಂದು ನಡೆದರೆ ಮುಂದಿನ ಹತ್ತು ಮನೆ ಚೀಟಿ ಮಡಚಿಡುತ್ತವೆ.

ಕುಷ್ಟಗಿ, ಯಲಬುರ್ಗಾದಿಂದ ಗುಳೆ ಹೋಗುವವರಿಗೆ ಇದು ಇನ್ನೂ ಕಷ್ಟ. ಬೆಂಗಳೂರಿನ ಕಟ್ಟಡದ ಕೆಲಸಕ್ಕೋ, ಮಂಗಳೂರು ಗೋವಾಕ್ಕೋ ಹೊರಟಾಗ ಮಾತ್ರೆಯ ಸರಣಿ ಕಡಿಯುತ್ತದೆ. ಹೊರಡುವ ಮುಂಚೆ ಡಿಸ್ಚಾರ್ಜ್ ಕಾಗದದ ಫೋಟೋ ಫೋನಿನಲ್ಲಿ ಇಟ್ಟುಕೊಂಡು, ತಿಂಗಳಿಗಾಗುವಷ್ಟು ಮಾತ್ರೆ ಕೇಳಿ ಪಡೆದು, ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಕಾಗದ ತೋರಿಸಿದರೆ ಸರಣಿ ಉಳಿಯುತ್ತದೆ. ಲಿಥಿಯಂ ತೆಗೆದುಕೊಳ್ಳುವವರು ಮಾತ್ರ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಬಿಸಿಲಲ್ಲಿ ನೀರು ಕಡಿಮೆ ಕುಡಿದು ದುಡಿಯುವವರಿಗೆ ಅದು ರಕ್ತದಲ್ಲಿ ಏರಿ ತೊಂದರೆ ಕೊಡಬಹುದು.

ಪುಟ್ಟಣ್ಣ ಕಣಗಾಲ್ ಅವರ ‘ಶರಪಂಜರ’ ಬಂದು ಅರ್ಧ ಶತಮಾನ ಆಯಿತು. 1971ರ ಆ ಸಿನಿಮಾ, ಅದಕ್ಕೆ ಮೂಲವಾದ ತ್ರಿವೇಣಿ ಅವರ ಕಾದಂಬರಿ, ಎರಡರಲ್ಲೂ ಕಾವೇರಿಯನ್ನು ಕೆಡಿಸಿದ್ದು ಆಸ್ಪತ್ರೆಯಲ್ಲ. ಅಲ್ಲಿ ಅವಳು ಗುಣವಾಗಿಯೇ ಬಂದಳು. ಮನೆಯವರ ಅನುಮಾನದ ಕಣ್ಣು, ನೆರೆಯವರ ಪಿಸುಮಾತು ಅವಳನ್ನು ಮತ್ತೆ ಅಲ್ಲಿಗೇ ಕಳಿಸಿತು. ಚಿಕಿತ್ಸೆ ಮುಗಿಸಿ ಬಂದವರು ಅಂಗಡಿಯ ಗಲ್ಲಾ ಪೆಟ್ಟಿಗೆ ಮುಂದೆ ಕೂತಾಗ ಅವರು ಎಣಿಸಿದ ಚಿಲ್ಲರೆಯನ್ನು ಮನೆಯವರು ಇನ್ನೊಂದು ಸಲ ಎಣಿಸುವುದು ಅದೇ ಕಥೆಯ ಮುಂದುವರಿದ ಭಾಗ. ಹುಲಿಗೆಮ್ಮನಿಗೆ ಹರಕೆ ಹೊತ್ತವರು ಹರಕೆ ತೀರಿಸಲಿ, ಅದಕ್ಕೆ ಯಾವ ವೈದ್ಯರ ಅಡ್ಡಿಯೂ ಇಲ್ಲ. ಗುಡಿಗೆ ಹೋಗುವ ದಿನವೂ ಮಾತ್ರೆ ಜೇಬಿನಲ್ಲಿರಬೇಕು ಅಷ್ಟೇ.

ಜೀವ ಕಳೆದುಕೊಳ್ಳುವ ಮಾತು ಯಾರ ಬಾಯಲ್ಲಾದರೂ ಬಂದರೆ ಮಂಗಳವಾರದವರೆಗೆ ಕಾಯುವಂತಿಲ್ಲ. ಅವರನ್ನು ಒಂಟಿಯಾಗಿ ಬಿಡಬಾರದು, ಮನೆಯಲ್ಲಿರುವ ಕ್ರಿಮಿನಾಶಕ, ಹೆಚ್ಚುವರಿ ಮಾತ್ರೆಗಳನ್ನು ಬೀಗ ಹಾಕಿಡಬೇಕು, ಅವತ್ತೇ ಜಿಲ್ಲಾಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸ್ ಕೇಸಿನ ಹೆದರಿಕೆ ಬೇಡ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕು ಅಂತ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಟೆಲಿ-ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಕನ್ನಡದಲ್ಲೇ ಸಿಗುತ್ತದೆ, ಕರೆ ಉಚಿತ.

ಉಳಿದವರಿಗೆ, ತಮ್ಮ ತಾಲೂಕಿಗೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಅಂತ ಆಸ್ಪತ್ರೆಯ ಕೌಂಟರ್‌ನಲ್ಲಿ ಕೇಳಿಕೊಂಡರೆ ಆಯಿತು. ಹೋಗುವಾಗ ಈವರೆಗೆ ನುಂಗಿದ ಎಲ್ಲಾ ಮಾತ್ರೆಗಳ ಖಾಲಿ ಸ್ಟ್ರಿಪ್, ಹಳೆ ಚೀಟಿ, ಯಾವುದನ್ನು ಎಷ್ಟು ದಿನ ತೆಗೆದುಕೊಂಡಿದ್ದು, ಯಾಕೆ ಬಿಟ್ಟಿದ್ದು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು. ಮಾತ್ರೆ ಸೋತಿದೆಯೋ, ನಡುವೆಯೇ ಬಿಟ್ಟಿದ್ದೋ ಅನ್ನೋದು ವೈದ್ಯರಿಗೆ ಆ ಒಂದು ಹಾಳೆಯಿಂದಲೇ ಬಹುಪಾಲು ಗೊತ್ತಾಗುತ್ತದೆ.